ನೆಲದ ಮೇಲಿನ ದೋಣಿಗೂ ಆರೈಕೆ ಬೇಕು

ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ ಎಂದೊಡನೆ ಯಾರಿಗೂ ದೋಣಿ ನೆನಪಾಗುವುದಿಲ್ಲ. ಕಡಲೆಕಾಯಿ ಹೊಲ, ಹುಣಸೆತೋಪು, ರೇಷ್ಮೆಗೂಡಿನ ಮಾರುಕಟ್ಟೆ, ನೀರು ಬತ್ತಿದ ಬೋರ್‌ವೆಲ್ - ಈ ಗಡಿಸೀಮೆಯ ಗುರುತುಗಳು ಇವು. ವರ್ಷಕ್ಕೆ ಸರಾಸರಿ 550 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ನಾಡಿದು. ಆದರೂ ಕೆರೆ ಏರಿಯ ಪಕ್ಕದ ಊರುಗಳಲ್ಲಿ, ಮೀನು ಹಿಡಿದು ಬದುಕುವವರ ಮನೆಯ ಮುಂದೆ, ಹರಿಗೋಲೊಂದು ಬೋರಲು ಬಿದ್ದಿರುವುದನ್ನು ನೀವು ನೋಡಿರಬಹುದು. ನಮ್ಮಲ್ಲಿ ಕೆಲವರು ಅದನ್ನು ಪುಟ್ಟಿ ಎನ್ನುತ್ತಾರೆ, ಕೆಲವರು ತೆಪ್ಪ ಎನ್ನುತ್ತಾರೆ.

ಮೂರು ನಾಲ್ಕು ವರ್ಷ ಕೆರೆಗೆ ನೀರು ಬಾರದಿದ್ದರೆ ಆ ಹರಿಗೋಲು ಅಷ್ಟೂ ವರ್ಷ ನೆಲದ ಮೇಲೆಯೇ ಇರುತ್ತದೆ. ಅದರ ಬೆನ್ನ ಮೇಲೆ ಮೆಣಸಿನಕಾಯಿ ಒಣಗುತ್ತದೆ. ಅಡಿಯಲ್ಲಿ ಕೋಳಿ ಮೊಟ್ಟೆಯಿಡುತ್ತದೆ. ಮಕ್ಕಳಿಗೆ ಅದೇ ಜಾರುಬಂಡೆ. ಮನೆಗೆ ಕಡಲೆಕಾಯಿ ಮೂಟೆ ಬಂದಾಗ ಒಂದೆರಡು ಮೂಟೆ ಅದರ ಮೇಲೂ ಕೂರುತ್ತವೆ. ಹೀಗೆ ದೋಣಿ ಎಂಬುದು ದೋಣಿಯೆಂಬುದೇ ಮರೆತುಹೋಗುತ್ತದೆ. ಆಮೇಲೊಂದು ದಿನ ಕೆರೆ ತುಂಬಿ ಕೋಡಿ ಬೀಳುತ್ತದೆ. ಅಂದು ಎಲ್ಲರಿಗೂ ಅದರ ನೆನಪಾಗುತ್ತದೆ!

ಈ ಲೇಖನ ಆ ಒಂದು ದಿನದ ಬಗ್ಗೆ ಮತ್ತು ಅದಕ್ಕೆ ಮೊದಲಿನ ಅಷ್ಟೂ ದಿನಗಳ ಬಗ್ಗೆ.

ಬರದ ನಾಡಿಗೆ ಬಂದ ನೀರು

ನಮ್ಮ ನದಿಗಳು ವರ್ಷದಲ್ಲಿ ಬಹುಕಾಲ ಮರಳಿನ ಹಾಸಿಗೆಗಳು. ಚಿಕ್ಕಬಳ್ಳಾಪುರದ ಕಡೆಯ ಬೆಟ್ಟಗಳಲ್ಲಿ ಹುಟ್ಟಿ ಗೌರಿಬಿದನೂರಿನ ಮೂಲಕ ಹಿಂದೂಪುರದತ್ತ ಬರುವ ಪೆನ್ನಾರ್, ಬಾಗೇಪಲ್ಲಿಯಿಂದ ಪುಟ್ಟಪರ್ತಿಗೆ ಇಳಿಯುವ ಚಿತ್ರಾವತಿ, ಹಿರಿಯೂರಿನ ಕಡೆಯಿಂದ ಬರುವ ವೇದಾವತಿ - ಮೂರೂ ಕರ್ನಾಟಕದಲ್ಲಿ ಹುಟ್ಟಿ ಆಂಧ್ರಕ್ಕೆ ಹರಿಯುವಂಥವು. ಮೇಲೆ ಮಳೆಯಾದರೆ ಕೆಳಗೆ ಪ್ರವಾಹ. ಇಲ್ಲಿ ಆಕಾಶ ತಿಳಿಯಾಗಿದ್ದರೂ ನೀರು ಬಂದುಬಿಡಬಹುದು.

2021ರ ನವೆಂಬರ್ 19ರಂದು ಆಗಿನ ಅನಂತಪುರ ಜಿಲ್ಲೆಯಲ್ಲಿ ಚಿತ್ರಾವತಿಯ ನಡುವೆ ಸಿಕ್ಕಿಬಿದ್ದಿದ್ದ ಹತ್ತು ಮಂದಿಯನ್ನು ವಾಯುಪಡೆಯ ಹೆಲಿಕಾಪ್ಟರ್ ಮೇಲೆತ್ತಿತು. 2022ರ ಸೆಪ್ಟೆಂಬರಿನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿತ್ತು. ಅದಕ್ಕೆ ಮೊದಲು ಅದು ಕೋಡಿ ಬಿದ್ದದ್ದು 1933ರಲ್ಲಿ! ಎಂಬತ್ತೊಂಬತ್ತು ವರ್ಷಗಳ ನಂತರ ತುಂಬಿ ಹರಿದ ನೀರು ವೇದಾವತಿಯ ಗುಂಟ ಕೆಳಗಿನ ಭೈರವಾನಿತಿಪ್ಪ ಜಲಾಶಯದತ್ತ ಸಾಗಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅನಂತಪುರ ಪಟ್ಟಣದ ಬಡಾವಣೆಗಳಿಗೆ ನೀರು ನುಗ್ಗಿ, ಜನರನ್ನು ದೋಣಿಗಳಲ್ಲಿ ಹೊರತರಬೇಕಾಯಿತು. ವಾಣಿವಿಲಾಸ ಸಾಗರ 2025ರ ಜನವರಿಯಲ್ಲಿ ಮತ್ತೊಮ್ಮೆ ತುಂಬಿತು. ಇದಲ್ಲದೆ ಶ್ರೀಶೈಲದ ಹಿನ್ನೀರಿನಿಂದ ಕೃಷ್ಣೆಯನ್ನು ತರುವ ಹಂದ್ರಿ-ನೀವಾ ಯೋಜನೆಯ ಕಾಲುವೆಗಳಿಂದಲೂ ಈ ಸೀಮೆಯ ಕೆಲವು ಕೆರೆಗಳಿಗೆ ನೀರು ಹರಿದಿದೆ.

ಎಂದರೆ ನಮ್ಮ ಕಡೆ ದೋಣಿಯ ಕೆಲಸ ಅಪರೂಪ. ಆದರೆ ಬಂದಾಗ ತಡೆಯಲಾಗದ ಕೆಲಸ. ಸದಾ ನೀರಿನಲ್ಲಿರುವ ದೋಣಿಯ ಬಿರುಕು ಮರುದಿನವೇ ಕಾಣುತ್ತದೆ, ಮರುದಿನವೇ ದುರಸ್ತಿಯಾಗುತ್ತದೆ. ನೆಲದ ಮೇಲಿರುವ ದೋಣಿಯ ಬಿರುಕು ಕಾಣುವುದು ಅದು ಕೆರೆಯ ಮಧ್ಯಕ್ಕೆ ಹೋದ ಮೇಲೆ. ಆದುದರಿಂದ ಬರದ ನಾಡಿನಲ್ಲಿ ದೋಣಿಯನ್ನು ಇಡುವ ಬಗೆ ತಿಳಿದಿರುವುದು ಅದನ್ನು ನಡೆಸುವ ಬಗೆ ತಿಳಿದಿರುವಷ್ಟೇ ಮುಖ್ಯ.

ಹರಿಗೋಲು ಮತ್ತು ಕಯಾಕ್

ಇತ್ತೀಚೆಗೆ ಇನ್ನೊಂದು ಬಗೆಯ ದೋಣಿಯೂ ಮನೆಗಳಿಗೆ ಬರುತ್ತಿದೆ. ನಮ್ಮ ಯುವಕರು ಬೆಂಗಳೂರಿನಲ್ಲಿ ದುಡಿಯುತ್ತಾರೆ. ರಜೆಯಲ್ಲಿ ಸಾಲಿಗ್ರಾಮದ ಬಳಿಯ ಸೀತಾ ನದಿಯ ಹಿನ್ನೀರಿಗೋ, ಹೊನ್ನಾವರದ ಶರಾವತಿಯ ಕಾಂಡ್ಲಾ ಗಿಡಗಳ ನಡುವೆಯೋ ಕಯಾಕ್ ನಡೆಸಿ ಬರುತ್ತಾರೆ. ಕೆಲವರು ಒಂದನ್ನು ಕೊಂಡೂ ಬಿಡುತ್ತಾರೆ. ಬಾಡಿಗೆ ಮನೆಯಲ್ಲಿ ಅದಕ್ಕೆ ಜಾಗವೆಲ್ಲಿ? "ಅಪ್ಪಾ, ಊರಲ್ಲಿ ಕಾರ್ ಶೆಡ್ಡಿನಲ್ಲಿ ಇಟ್ಟಿರಿ" ಎಂದು ಹೇಳಿ ಹೋಗುತ್ತಾರೆ. ಹನ್ನೆರಡು ಅಡಿ ಉದ್ದದ ಆ ಪ್ಲಾಸ್ಟಿಕ್ ದೋಣಿಯನ್ನು ಏನು ಮಾಡಬೇಕೆಂದು ತಿಳಿಯದೆ ತಂದೆ ಅದನ್ನು ಗೋಡೆಗೆ ಒರಗಿಸಿ ನಿಲ್ಲಿಸುತ್ತಾರೆ. ಅದರ ಕಷ್ಟ ಅಲ್ಲಿಂದ ಶುರು.

ಹರಿಗೋಲೂ ಕಯಾಕೂ ನೋಡಲು ಬೇರೆ, ಆದರೆ ಹುಟ್ಟಿನಲ್ಲಿ ಒಂದೇ ಬಗೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸ್, ಜನ ಆನೆಗುಂದಿಗೆ ಬುಟ್ಟಿಯಂತೆ ದುಂಡಾದ ದೋಣಿಗಳಲ್ಲಿ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನ ಹಿಡಿಸುತ್ತಿದ್ದರು ಎನ್ನುತ್ತಾನೆ. ಈಗ ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆ ಅಥವಾ ಗೊಬ್ಬರದ ಚೀಲ ಹೊಲಿದು ಡಾಂಬರು ಬಳಿಯುತ್ತಾರೆ. ಕೆಲವೆಡೆ ಫೈಬರ್ ಹರಿಗೋಲುಗಳೂ ಬಂದಿವೆ. ಭೂಮಿಯ ಉತ್ತರ ತುದಿಯಲ್ಲಿ, ಗ್ರೀನ್‌ಲ್ಯಾಂಡ್ ಮತ್ತು ಕೆನಡಾದ ಹಿಮಸೀಮೆಯಲ್ಲಿ ಇನ್ಯುಯಿಟ್ ಜನ ಕಟ್ಟಿದ ಕಯಾಕ್ ಕೂಡ ಹೀಗೆಯೇ: ಮರದ ಅಥವಾ ಮೂಳೆಯ ಚೌಕಟ್ಟು, ಅದರ ಮೇಲೆ ಸೀಲ್ ಪ್ರಾಣಿಯ ಚರ್ಮ.

ಅವರು ಅದನ್ನು ಇಡುತ್ತಿದ್ದ ಬಗೆ ಸ್ವಾರಸ್ಯಕರ. ಕಲ್ಲಿನ ಅಥವಾ ಮರದ ಎತ್ತರದ ಆಸರೆ ಕಟ್ಟಿ ದೋಣಿಯನ್ನು ಮೇಲೆ ಇಡುತ್ತಿದ್ದರು. ಏಕೆಂದರೆ ಸ್ಲೆಡ್ಜ್ ಎಳೆಯುವ ಅವರ ನಾಯಿಗಳು ಹಸಿದಾಗ ದೋಣಿಯ ಚರ್ಮವನ್ನೇ ತಿಂದುಬಿಡುತ್ತಿದ್ದವು! ನಮ್ಮಲ್ಲಿ ಆ ಕೆಲಸಕ್ಕೆ ಗೆದ್ದಲಿದೆ, ಇಲಿಯಿದೆ. ಪಾಠ ಮಾತ್ರ ಒಂದೇ: ದೋಣಿಯನ್ನು ನೆಲಕ್ಕೆ ತಾಗಿಸಬೇಡಿ.

ಗಲಿಲೇಯ ಸರೋವರದ ದೋಣಿ

ನೆಲದ ಮೇಲೆ ದೋಣಿಗೆ ಎಷ್ಟು ಆಸರೆ ಬೇಕು ಎಂಬುದಕ್ಕೆ ನಮಗೆಲ್ಲ ಪರಿಚಿತವಾದ ಸರೋವರವೊಂದರ ಉದಾಹರಣೆ ಕೊಡಬಹುದು. 1986ರಲ್ಲಿ ಗಲಿಲೇಯದಲ್ಲಿ ಬರ ಬಂದು ಸರೋವರದ ನೀರು ತೀರ ಕೆಳಗಿಳಿದಿತ್ತು. ಮೋಶೆ ಮತ್ತು ಯುವಾಲ್ ಲುಫಾನ್ ಎಂಬ ಮೀನುಗಾರ ಸಹೋದರರಿಗೆ ತೀರದ ಕೆಸರಿನಲ್ಲಿ ಹಳೆಯ ಮರದ ದೋಣಿಯೊಂದರ ಅಂಚು ಕಂಡಿತು. ಅಗೆದು ನೋಡಿದರೆ ಎಂಟು ಮೀಟರಿಗಿಂತ ಉದ್ದ, ಎರಡು ಮೀಟರಿಗಿಂತ ಅಗಲದ, ಸುಮಾರು ಎರಡು ಸಾವಿರ ವರ್ಷ ಹಳೆಯ ದೋಣಿ. ಅದರ ಯಜಮಾನರು ಬೇರೆ ಬೇರೆ ಜಾತಿಯ ಮರದ ತುಂಡುಗಳಿಂದ ಮತ್ತೆ ಮತ್ತೆ ತೇಪೆ ಹಾಕಿ ಬಳಸಿದ್ದರು. ಬಡವರ ದೋಣಿ!

ಅಷ್ಟು ಕಾಲ ಅದನ್ನು ಉಳಿಸಿದ್ದು ಗಾಳಿಯಾಡದ ಕೆಸರು. ಹೊರಗಿನ ಗಾಳಿಗೆ ಬಿದ್ದೊಡನೆ ಮರ ಒಣಗಿ ಕುಗ್ಗಿ ಪುಡಿಯಾಗುವ ಅಪಾಯ. ತನ್ನ ತೂಕವನ್ನೇ ತಾನು ತಾಳಿಕೊಳ್ಳುವ ಶಕ್ತಿ ಅದಕ್ಕಿರಲಿಲ್ಲ. ಆದ್ದರಿಂದ ತಜ್ಞರು ಇಡೀ ದೋಣಿಗೆ ಫೋಮಿನ ಕವಚ ತೊಡಿಸಿ, ನೀರಿನ ಮೇಲೆಯೇ ತೇಲಿಸಿ ಸಾಗಿಸಿದರು. ಆಮೇಲೆ ಮೇಣದಂಥ ದ್ರಾವಣದಲ್ಲಿ ವರ್ಷಗಟ್ಟಲೆ ಮುಳುಗಿಸಿಟ್ಟು ಮರವನ್ನು ಗಟ್ಟಿಮಾಡಿದರು. ಇಂದು ಗಿನೋಸಾರಿನ ಸಂಗ್ರಹಾಲಯದಲ್ಲಿ ಲೋಹದ ಆಸರೆಗಳ ಮೇಲೆ ಅದು ನಿಂತಿದೆ.

ನೀರಿನಲ್ಲಿರುವಾಗ ದೋಣಿಯ ಹೊಟ್ಟೆಯನ್ನು ನೀರು ಎಲ್ಲ ಕಡೆಯಿಂದಲೂ ಸಮನಾಗಿ ಹಿಡಿದಿರುತ್ತದೆ. ನೆಲಕ್ಕೆ ಬಂದೊಡನೆ ಆ ಆಸರೆ ತಪ್ಪುತ್ತದೆ. ಇಡೀ ಭಾರ ಒಂದೆರಡು ಬಿಂದುಗಳ ಮೇಲೆ ಬೀಳುತ್ತದೆ. ನೀರು ಕೊಡುತ್ತಿದ್ದ ಆಸರೆಯನ್ನು ಈಗ ನಾವು ಕೊಡಬೇಕು. ದೋಣಿ ಇಡುವ ಎಲ್ಲ ನಿಯಮಗಳ ಮೂಲ ಇದೇ.

ಭಾರ ಹಂಚಿ

ಮೊದಲು ಪ್ಲಾಸ್ಟಿಕ್ ಕಯಾಕನ್ನು ತೆಗೆದುಕೊಳ್ಳೋಣ. ಒಬ್ಬರು ಕೂರುವ ದೋಣಿ ಸಾಮಾನ್ಯವಾಗಿ ಹತ್ತರಿಂದ ಹನ್ನೆರಡು ಅಡಿ ಉದ್ದ, ಎರಡರಿಂದ ಎರಡೂವರೆ ಅಡಿ ಅಗಲ, ಇಪ್ಪತ್ತರಿಂದ ಮೂವತ್ತು ಕಿಲೋ ತೂಕ ಇರುತ್ತದೆ. ಅದನ್ನು ಸಿಮೆಂಟ್ ನೆಲದ ಮೇಲೆ ಹೊಟ್ಟೆಯ ಮೇಲೆ ತಿಂಗಳುಗಟ್ಟಲೆ ಬಿಟ್ಟರೆ ತಳ ತಗ್ಗಾಗುತ್ತದೆ. ತಳ ತಗ್ಗಾದ ದೋಣಿ ನೇರ ಸಾಗುವುದಿಲ್ಲ. ತುದಿಯ ಮೇಲೆ ನೆಟ್ಟಗೆ ನಿಲ್ಲಿಸಿದರೆ ತುದಿ ಸೊಟ್ಟಗಾಗಬಹುದು. ಅದಕ್ಕಿಂತ ಹೆಚ್ಚಾಗಿ ಮಕ್ಕಳ ಮೇಲೆ ಉರುಳಬಹುದು.

ಸರಿಯಾದ ಕ್ರಮ ಎರಡು. ಒಂದು, ಬೋರಲು ಹಾಕಿ ಎರಡು ಅಡ್ಡ ಆಸರೆಗಳ ಮೇಲೆ ಇಡುವುದು. ಇನ್ನೊಂದು, ಪಕ್ಕಕ್ಕೆ ಮಲಗಿಸಿ ಗೋಡೆಯ ಆಸರೆಯಲ್ಲಿ ಇಡುವುದು. ಎರಡರಲ್ಲೂ ಆಸರೆಗಳು ತುದಿಯಿಂದ ಉದ್ದದ ಕಾಲುಭಾಗದಷ್ಟು ಒಳಗೆ ಇರಲಿ. ಹನ್ನೆರಡು ಅಡಿಯ ದೋಣಿಗೆ ಎರಡೂ ತುದಿಯಿಂದ ಮೂರು ಮೂರು ಅಡಿ ಬಿಟ್ಟು, ನಡುವೆ ಆರು ಅಡಿ ಅಂತರ. ಮರದ ತುಂಡಾದರೆ ಮೇಲೆ ಹಳೆಯ ಸೈಕಲ್ ಟ್ಯೂಬು, ತೆಂಗಿನ ನಾರಿನ ಚಾಪೆ ಅಥವಾ ಹಳೆಯ ಕೌದಿಯನ್ನು ಮಡಿಸಿ ಕಟ್ಟಿ. ತೆಳ್ಳನೆಯ ಹಗ್ಗ, ಕಂಬಿಗಳಿಂದ ಬಿಗಿಯಬೇಡಿ. ಎರಡು ಇಂಚು ಅಗಲದ ಪಟ್ಟಿ ಬಳಸಿ. ಪಟ್ಟಿ ದೋಣಿ ಜಾರದಂತೆ ಹಿಡಿದರೆ ಸಾಕು. ಬಿಗಿಯಾಗಿ ಕಟ್ಟಿದರೆ ಕಟ್ಟಿದ ಜಾಗವೇ ಒಳಕ್ಕೆ ಹೋಗುತ್ತದೆ.

ಹರಿಗೋಲು ದುಂಡಗಿರುವುದರಿಂದ ಅದರ ಕ್ರಮ ಬೇರೆ. ಆರೇಳು ಅಡಿ ಅಡ್ಡಳತೆಯ ಹರಿಗೋಲನ್ನು ಗೋಡೆಗೆ ಒರಗಿಸಿದರೆ ಜಾಗ ಉಳಿಯುವುದು ನಿಜ. ಆದರೆ ಬಹಳ ದಿನ ಹಾಗೆಯೇ ಇದ್ದರೆ ಅಂಚು ಮೊಟ್ಟೆಯಾಕಾರಕ್ಕೆ ತಿರುಗಿ ಹೆಣಿಗೆ ಸಡಿಲವಾಗುತ್ತದೆ. ಬೋರಲು ಹಾಕಿ, ಅಂಚಿನ ಕೆಳಗೆ ನಾಲ್ಕೂ ಕಡೆ ಸಮ ಎತ್ತರದ ಕಲ್ಲುಗಳನ್ನು ಇಡುವುದು ಒಳ್ಳೆಯದು. ನಮ್ಮ ಸೀಮೆಯಲ್ಲಿ ಕಡಪ ಕಲ್ಲಿಗೂ ಚಪ್ಪಡಿಗೂ ಬರವೇ? ಒಂದಡಿ ಎತ್ತರವಿದ್ದರೆ ಕೆಳಗೆ ಗುಡಿಸಬಹುದು, ಗಾಳಿಯಾಡುತ್ತದೆ, ಗೆದ್ದಲು ಹತ್ತಿದರೆ ಕಣ್ಣಿಗೆ ಬೀಳುತ್ತದೆ. ಬೇಸಿಗೆಯ ಬಿರುಗಾಳಿಗೆ ಬೋರಲು ಬಿದ್ದ ಹರಿಗೋಲು ಮೊರದಂತೆ ಹಾರುವುದುಂಟು. ಕಲ್ಲುಕಂಬಕ್ಕೋ ಗೂಟಕ್ಕೋ ಒಂದು ಹಗ್ಗ ಕಟ್ಟಿಡಿ. ಇನ್ನು, ದೋಣಿಯ ಮೇಲೆ ಮೂಟೆ ಹೇರುವ ಅಭ್ಯಾಸ ಖಂಡಿತ ಬೇಡ.

ಬಿಸಿಲಿನಿಂದ ಕಾಯಿರಿ

ಹರಿಗೋಲಿಗೆ ಬಳಿದ ಡಾಂಬರು ಸುಮಾರು 50 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗತೊಡಗುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ನೆರಳಿನಲ್ಲೇ 40 ಡಿಗ್ರಿ ಇರುವಾಗ, ನೇರ ಬಿಸಿಲಿಗೆ ಬಿದ್ದ ಕಪ್ಪು ಮೈ ಅದನ್ನು ಸುಲಭವಾಗಿ ದಾಟುತ್ತದೆ. ಡಾಂಬರು ಕೆಳಕ್ಕೆ ಜಾರಿ ಅಂಚಿನಲ್ಲಿ ದಪ್ಪಗಾಗುತ್ತದೆ, ತಳದಲ್ಲಿ ತೆಳ್ಳಗಾಗುತ್ತದೆ. ಚಳಿಗಾಲದಲ್ಲಿ ತೆಳ್ಳನೆಯ ಜಾಗ ಬಿರಿಯುತ್ತದೆ. ನೀರು ನುಗ್ಗುವುದು ಅಲ್ಲಿಂದಲೇ.

ಕಯಾಕಿನ ಪ್ಲಾಸ್ಟಿಕ್ ಕರಗಲು ನೂರು ಡಿಗ್ರಿಗಿಂತ ಹೆಚ್ಚು ಶಾಖ ಬೇಕು. ಬಾಗಲು ಅಷ್ಟು ಬೇಕಿಲ್ಲ. ತಗಡಿನ ಶೆಡ್ಡಿನಲ್ಲಿ ಮಾಡಿಗೆ ತಾಗುವಂತೆ ತೂಗುಹಾಕಿದ ದೋಣಿ ಮಧ್ಯಾಹ್ನದ ಬಿಸಿಗೆ ಮೆತ್ತಗಾಗಿ ತನ್ನ ತೂಕಕ್ಕೆ ತಾನೇ ಬಾಗುತ್ತದೆ. ತಗಡಿಗೂ ದೋಣಿಗೂ ನಡುವೆ ಕನಿಷ್ಠ ಎರಡು ಅಡಿ ಅಂತರ ಇರಲಿ. ಬಿಸಿಗಾಳಿ ಹೊರಹೋಗಲು ಮೇಲೆ ಕಿಂಡಿ ಇರಲಿ. ಸೂರ್ಯನ ನೇರಳಾತೀತ ಕಿರಣಗಳು ಪ್ಲಾಸ್ಟಿಕ್ಕನ್ನು ನಿಧಾನವಾಗಿ ಗರಿಗರಿಯಾಗಿಸುತ್ತವೆ. ಬಣ್ಣ ಮಾಸಿ, ಮುಟ್ಟಿದರೆ ಕೈಗೆ ಬಿಳಿ ಪುಡಿ ಹತ್ತಿದರೆ ಅದೇ ಎಚ್ಚರಿಕೆ.

ಈ ವಿಷಯದಲ್ಲಿ ನೆರೆಯ ಕೇರಳದವರನ್ನು ಮೆಚ್ಚಬೇಕು. ಆರನ್ಮುಳದ ಪಳ್ಳಿಯೋಡ ಎಂಬ ನೀಳ ದೋಣಿಗಳಿಗೆ ಆಯಾ ಊರಿನವರು ಬೇರೆಯೇ ಮನೆ ಕಟ್ಟಿರುತ್ತಾರೆ. ಮೇಲೆ ಹೊದಿಕೆ, ಬದಿಗಳು ತೆರೆದು ಗಾಳಿಯಾಡುತ್ತಿರುತ್ತವೆ. ಕರ್ನಾಟಕದ ಕರಾವಳಿಯಲ್ಲೂ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ದೋಣಿಗಳನ್ನು ದಡಕ್ಕೆ ಎಳೆದು ಇಡುತ್ತಾರೆ. ಸಣ್ಣ ದೋಣಿಗಳಿಗೆ ಮಡಲಿನ ಚಪ್ಪರ ಹಾಕುವುದು ಅಲ್ಲಿನ ಹಳೆಯ ರೂಢಿ. ತೆಂಗಿನ ಗರಿ, ಹುಲ್ಲು ಇವು ತಗಡಿನಂತೆ ಕಾಯುವುದಿಲ್ಲ. ನಮ್ಮಲ್ಲೂ ತಗಡಿನ ಮೇಲೆ ಒಂದು ಪದರ ತೆಂಗಿನ ಗರಿ ಹೊದಿಸಿದರೆ ಒಳಗಿನ ಬಿಸಿ ಗಮನಾರ್ಹವಾಗಿ ಇಳಿಯುತ್ತದೆ. ಆದರೆ ಒಣಗರಿಯೂ ಡಾಂಬರೂ ಬೇಗ ಬೆಂಕಿ ಹಿಡಿಯುವ ವಸ್ತುಗಳು. ಅಲ್ಲಿ ಬೀಡಿ-ಸಿಗರೇಟು, ವೆಲ್ಡಿಂಗ್ ಕೆಲಸ, ಪೆಟ್ರೋಲ್ ಡಬ್ಬಿ, ಪೇಂಟಿನ ಥಿನ್ನರ್ ಯಾವುದೂ ಬೇಡ.

ತೇವ, ಹುಳ, ಇಲಿ

ರೇಷ್ಮೆ ಸಾಕುವ ಮನೆಗಳಿಗೆ ಬಿದಿರಿನ ಆರೈಕೆಯನ್ನು ಹೊಸದಾಗಿ ಹೇಳಿಕೊಡಬೇಕಿಲ್ಲ. ಬಿದಿರಿನ ಚಂದ್ರಿಕೆಯನ್ನು ತೊಳೆದು, ಒಣಗಿಸಿ, ನೆಲದಿಂದ ಎತ್ತರದಲ್ಲಿ ಇಡುತ್ತೀರಿ. ಹರಿಗೋಲಿಗೂ ಅದೇ ಕ್ರಮ. ಬಿದಿರಿನಲ್ಲಿರುವ ಪಿಷ್ಟದ ಆಸೆಗೆ ಕುಟ್ಟೆಹುಳು ಬರುತ್ತದೆ. ಕಡಿದ ಬಿದಿರನ್ನು ಕೆಲವು ವಾರ ನೀರಿನಲ್ಲಿ ನೆನೆಹಾಕಿ ಆಮೇಲೆ ಸೀಳುವ ಹಿರಿಯರ ಪದ್ಧತಿಯ ಹಿಂದಿನ ಗುಟ್ಟು ಅದೇ: ನೆನೆದಾಗ ಪಿಷ್ಟ ಕರಗಿ ಹೋಗುತ್ತದೆ. ಇಟ್ಟ ಹರಿಗೋಲಿನ ಕೆಳಗೆ ಹಳದಿ ಹಿಟ್ಟಿನಂಥ ಪುಡಿ ಉದುರಿದ್ದರೆ ಹುಳು ಬಿದ್ದಿದೆಯೆಂದು ತಿಳಿಯಿರಿ. ಒಳಮೈಗೆ ವರ್ಷಕ್ಕೊಮ್ಮೆ ಬೇವಿನೆಣ್ಣೆ ಸವರುವುದು ಒಳ್ಳೆಯದು.

ಕಯಾಕಿನ ಒಳಗೆ ನೀರು ನಿಂತಿದ್ದರೆ ಸೊಳ್ಳೆ, ದುರ್ವಾಸನೆ. ಬಳಸಿದ ಮೇಲೆ ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಪೂರ್ತಿ ಒಣಗಿಸಿ ಆಮೇಲೆ ಇಡಿ. ಮುಚ್ಚಳಗಳನ್ನು ಬಿಗಿಯದೆ ಸಡಿಲ ಬಿಡಿ. ಕೂರುವ ಬಾಯಿಗೆ ಸೊಳ್ಳೆಪರದೆಯ ಬಟ್ಟೆ ಕಟ್ಟಿದರೆ ಗಾಳಿಯಾಡುತ್ತದೆ, ಇಲಿ ಹೋಗುವುದಿಲ್ಲ. ಪ್ಲಾಸ್ಟಿಕ್ ಟಾರ್ಪಾಲನ್ನು ಮೈಗೆ ಅಂಟುವಂತೆ ಸುತ್ತಿದರೆ ಒಳಗಿನ ತೇವ ಹೊರಬರುವುದಿಲ್ಲ.

ಒಂದು ಮಾತನ್ನು ಮರೆಯಬೇಡಿ. ಬಹಳ ದಿನ ಬೋರಲು ಬಿದ್ದಿದ್ದ ದೋಣಿಯ ಕೆಳಗೆ ಚೇಳು, ಹಾವು ಇರುವುದು ನಮ್ಮ ಸೀಮೆಯಲ್ಲಿ ಸಾಮಾನ್ಯ. ಮೊದಲು ಉದ್ದನೆಯ ಕೋಲಿನಿಂದ ತಟ್ಟಿ, ಕೋಲಿನಿಂದಲೇ ಸ್ವಲ್ಪ ಎತ್ತಿ ನೋಡಿ, ಆಮೇಲೆ ಕೈಹಾಕಿ. ಕಯಾಕಿನ ಒಳಗೆ ಟಾರ್ಚ್ ಹಾಕಿ ನೋಡದೆ ಕಾಲು ಇಳಿಬಿಡಬೇಡಿ.

ಗಾಳಿ ತುಂಬುವ ಕಯಾಕ್ ಇದ್ದವರಿಗೆ ಜಾಗದ ಚಿಂತೆ ಕಡಿಮೆ. ಇಲಿಯ ಚಿಂತೆ ಹೆಚ್ಚು. ಅದನ್ನು ಹೊಲಿಗೆಯ ಸಂದುಗಳವರೆಗೂ ಒರೆಸಿ ಒಣಗಿಸಿ, ಗಾಳಿ ತೆಗೆದು, ಸಡಿಲವಾಗಿ ಸುತ್ತಿ ಮುಚ್ಚಳವಿರುವ ಟ್ರಂಕಿನಲ್ಲಿ ಇಡಿ. ಪ್ರತಿಸಲವೂ ಅದೇ ಗೆರೆಯಲ್ಲಿ ಮಡಿಸಿದರೆ ಅಲ್ಲೇ ಸೀಳುತ್ತದೆ. ರೇಷ್ಮೆ ಸೀರೆಯ ಮಡಿಕೆ ಬದಲಿಸುವಂತೆ ಇದರ ಮಡಿಕೆಯನ್ನೂ ಬದಲಿಸುತ್ತಿರಿ.

ಶೆಡ್ಡಿನಲ್ಲಿ ಜಾಗ ಹೊಂದಿಸುವುದು

"ಕಾರಿಗೇ ಜಾಗವಿಲ್ಲ, ದೋಣಿಗೆಲ್ಲಿಂದ?" ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. ಹತ್ತು ಅಡಿ ಅಗಲದ ಶೆಡ್ಡಿನಲ್ಲಿ ಸಣ್ಣ ಕಾರು ಸುಮಾರು ಐದೂವರೆ ಅಡಿ ಹಿಡಿಯುತ್ತದೆ. ಉಳಿಯುವುದು ನಾಲ್ಕೂವರೆ ಅಡಿ. ಕಯಾಕನ್ನು ಪಕ್ಕಕ್ಕೆ ಮಲಗಿಸಿ ಗೋಡೆಯ ಆಸರೆಯಲ್ಲಿ ಇಟ್ಟರೆ ಅದು ಸುಮಾರು ಒಂದೂಕಾಲು ಅಡಿ ಮುಂದೆ ಚಾಚುತ್ತದೆ. ಕಾರನ್ನು ಎದುರು ಗೋಡೆಯ ಕಡೆ ಸ್ವಲ್ಪ ಸರಿಸಿ ನಿಲ್ಲಿಸಿದರೆ ಡ್ರೈವರ್ ಬಾಗಿಲು ತೆರೆಯಲು ಎರಡು ಅಡಿಗಿಂತ ಹೆಚ್ಚು ಜಾಗ ಸಿಗುತ್ತದೆ. ದೋಣಿಯ ಎತ್ತರ ನಿಮ್ಮ ಸೊಂಟ-ಎದೆಯ ನಡುವೆ ಇರಲಿ. ಅದಕ್ಕಿಂತ ಮೇಲಿಟ್ಟರೆ ಎತ್ತುವವರ ಬೆನ್ನಿಗೆ ಪೆಟ್ಟು. ಹೇಗೂ ಇಬ್ಬರು ಸೇರಿಯೇ ಎತ್ತಿ.

ಆಸರೆಯ ಬ್ರಾಕೆಟ್ಟುಗಳನ್ನು ಕಾಂಕ್ರೀಟಿಗೋ ಗಟ್ಟಿ ಕಲ್ಲಿಗೋ ಆಂಕರ್ ಬೋಲ್ಟ್ ಹಾಕಿ ಕೂರಿಸಿ. ಮಣ್ಣಿನ ಗೋಡೆ, ಟೊಳ್ಳು ಇಟ್ಟಿಗೆಯ ಗೋಡೆಗಳನ್ನು ನಂಬಬೇಡಿ. ಅಲ್ಲಿ ನೆಲದಿಂದಲೇ ಮರದ ಅಥವಾ ಕಬ್ಬಿಣದ ಸ್ಟ್ಯಾಂಡ್ ಮಾಡಿಸುವುದು ಉತ್ತಮ. ಊರಿನ ವೆಲ್ಡಿಂಗ್ ಅಂಗಡಿಯವರು ಒಂದು ದಿನದಲ್ಲಿ ಮಾಡಿಕೊಡುತ್ತಾರೆ.

ರಾಟೆ ಕಟ್ಟಿ ಮೇಲೆ ತೂಗುಹಾಕುವವರು ಇನ್ನಷ್ಟು ಜಾಗರೂಕರಾಗಿರಬೇಕು. ಕೊಂಡಿಯನ್ನು ಕಾಂಕ್ರೀಟ್ ತೊಲೆಗೆ ಹಾಕಿಸಿ; ಗಾರೆಗಾಗಲಿ ತಗಡು ಹೊತ್ತ ಸಣ್ಣ ಪಟ್ಟಿಗಾಗಲಿ ಬೇಡ. ಇಪ್ಪತ್ತೈದು ಕಿಲೋ ದೋಣಿಗೆ ನೂರು ಕಿಲೋ ತಾಳುವ ಹಗ್ಗ, ಕೊಂಡಿ ಇರಲಿ. ತುದಿಯ ಹಿಡಿಕೆಗಳಿಗೆ ಹಗ್ಗ ಕಟ್ಟಿ ತೂಗಿದರೆ ದೋಣಿ ಬಾಳೆಕಾಯಿಯಂತೆ ಬಾಗುತ್ತದೆ. ಎರಡು ಅಗಲ ಪಟ್ಟಿಗಳ ಜೋಲಿಯಲ್ಲಿ ಇಳಿಬಿಡಿ. ಜೊತೆಗೆ, ಮುಖ್ಯ ಹಗ್ಗ ತುಂಡಾದರೂ ದೋಣಿ ಬೀಳದಂತೆ ಇನ್ನೊಂದು ಹಗ್ಗ ಕಟ್ಟಿಡಿ. ಕೆಳಗೆ ತೊಟ್ಟಿಲು, ಮಂಚ, ಮಕ್ಕಳು ಆಡುವ ಜಾಗ ಯಾವುದೂ ಇರಬಾರದು.

ಬೀಗದ ಕೈ ಯಾರ ಬಳಿ?

ಇಷ್ಟೆಲ್ಲ ಮಾಡಿದ ಮೇಲೂ ಉಳಿಯುವ ಮುಖ್ಯ ವಿಷಯ ಮಕ್ಕಳದು. ಬೇಸಿಗೆ ರಜೆ, ದಸರಾ ರಜೆ, ಕ್ರಿಸ್ಮಸ್ ರಜೆಗಳಲ್ಲಿ ಮೊಮ್ಮಕ್ಕಳು ಊರಿಗೆ ಬರುತ್ತಾರೆ. ಪಟ್ಟಣದಲ್ಲಿ ಬೆಳೆದ ಮಗುವಿಗೆ ದೋಣಿಯೆಂದರೆ ಆಟದ ಸಾಮಾನು. ದೊಡ್ಡವರು ಮಧ್ಯಾಹ್ನ ಮಲಗಿದಾಗ ನಾಲ್ಕು ಮಕ್ಕಳು ಸೇರಿ ಒಂದು ಹರಿಗೋಲನ್ನು ಏರಿಯವರೆಗೆ ಉರುಳಿಸಿಕೊಂಡು ಹೋಗಬಲ್ಲರು. ಕೆರೆಯಲ್ಲಿ ಹೂಳು ತೆಗೆದ ಗುಂಡಿಗಳು ಎಲ್ಲಿವೆಯೆಂದು ಆ ಮಕ್ಕಳಿಗೆ ಗೊತ್ತಿರುವುದಿಲ್ಲ. ನೀರು ತುಂಬಿದಾಗ ಹಿರಿಯರಿಗೂ ಕಾಣುವುದಿಲ್ಲ.

ದೋಣಿಗೆ ಸರಪಳಿ ಹಾಕಿ ಬೀಗ ಹಾಕಿ. ಹುಟ್ಟನ್ನು ದೋಣಿಯ ಜೊತೆ ಇಡದೆ ಮನೆಯೊಳಗೆ ಇಡಿ. ಹುಟ್ಟಿಲ್ಲದ ದೋಣಿಯ ಆಸೆ ಅರ್ಧ ಇಳಿಯುತ್ತದೆ. ಬೀಗದ ಕೈ ಎಲ್ಲಿದೆಯೆಂದು ಮನೆಯ ಇಬ್ಬರು ದೊಡ್ಡವರಿಗೆ ತಿಳಿದಿರಲಿ. ಒಬ್ಬರಿಗೇ ಗೊತ್ತಿದ್ದು ಅವರು ಸಂತೆಗೆ ಹೋಗಿದ್ದರೆ, ಬೇಕಾದ ಹೊತ್ತಿಗೆ ದೋಣಿ ಇದ್ದೂ ಇಲ್ಲದಂತೆ.

ಲೈಫ್ ಜಾಕೆಟ್ ಇಲ್ಲದ ಮನೆಯಲ್ಲಿ ದೋಣಿ ಇರಬಾರದು. ಎಷ್ಟು ಜನ ಕೂರುತ್ತಾರೋ ಅಷ್ಟು ಜಾಕೆಟ್ಟು, ಮಕ್ಕಳಿಗೆ ಮಕ್ಕಳ ಅಳತೆಯದು. ಅದನ್ನು ನೆರಳಿನಲ್ಲಿ ಒಣಗಿಸಿ ಗೂಟಕ್ಕೆ ನೇತುಹಾಕಿ. ಮೂಟೆಯ ಕೆಳಗೆ ಸಿಕ್ಕಿ ಚಪ್ಪಟೆಯಾದ ಜಾಕೆಟ್ಟಿನ ಫೋಮು ಮೊದಲಿನಂತೆ ತೇಲಿಸುವುದಿಲ್ಲ. ಹೊಲಿಗೆ ಬಿಟ್ಟಿದ್ದರೆ, ಬಕಲ್ ಮುರಿದಿದ್ದರೆ ಎಸೆದು ಹೊಸದು ಕೊಳ್ಳಿ. ಇದರಲ್ಲಿ ಜಿಪುಣತನ ಬೇಡ.

ಮಳೆಗೆ ಮುನ್ನ ಒಂದು ದಿನ

ವರ್ಷಕ್ಕೆ ಎರಡು ಬಾರಿ, ಮುಂಗಾರಿಗೆ ಮೊದಲು ಮೇ ಕೊನೆಯಲ್ಲಿ ಮತ್ತು ಹಿಂಗಾರಿಗೆ ಮೊದಲು ಸೆಪ್ಟೆಂಬರಿನಲ್ಲಿ, ಒಂದು ದಿನವನ್ನು ದೋಣಿಗೆ ಕೊಡಿ. ಕೆರೆ ಒಣಗಿದ್ದರೂ ಸರಿ. ಹರಿಗೋಲನ್ನು ಬಿಸಿಲಿಗೆ ಎತ್ತಿ ಹಿಡಿದು ಒಳಗಿನಿಂದ ನೋಡಿ. ಬೆಳಕು ತೂರಿದ ಕಡೆ ತೂತಿದೆ. ಹೆಬ್ಬೆರಳಿನಿಂದ ಬಿದಿರಿನ ಪಟ್ಟಿಗಳನ್ನು ಒತ್ತಿ ನೋಡಿ, ಪುಡಿಯಾದ ಪಟ್ಟಿಯನ್ನು ಬದಲಿಸಿ, ಡಾಂಬರು ಬಿರಿದ ಕಡೆ ಹೊಸದು ಬಳಿಯಿರಿ. ಕಯಾಕಿನ ಒಳಗೆ ನಾಲ್ಕು ಬಿಂದಿಗೆ ನೀರು ಹಾಕಿ ಹೊರಗೆ ಜಿನುಗುತ್ತದೆಯೇ ಎಂದು ನೋಡಿ. ಪಟ್ಟಿ, ಹಗ್ಗ, ಬೋಲ್ಟುಗಳನ್ನು ಎಳೆದು ನೋಡಿ. ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ. ದುರಸ್ತಿಗೆ ಕೈ ಹಾಕಿದ ಮಗು ದೋಣಿಯನ್ನು ಆಟದ ಸಾಮಾನೆಂದು ಎಣಿಸುವುದಿಲ್ಲ. ಬೆಂಕಿ ಬಿದ್ದಾಗ ಬಾವಿ ತೋಡಿದಂತೆ, ನೀರು ಬಂದಾಗ ಡಾಂಬರು ಕಾಯಿಸಲು ಹೊರಡುವುದು ಜಾಣತನವಲ್ಲ.

ಹೀಗೆಂದಮಾತ್ರಕ್ಕೆ ದೋಣಿ ಚೆನ್ನಾಗಿದೆಯೆಂದು ಉಕ್ಕುವ ಹೊಳೆಗೆ ಇಳಿಯಬೇಡಿ. ಹರಿಗೋಲು, ಕಯಾಕ್ ಎರಡೂ ನಿಂತ ನೀರಿಗೆ, ನಿಧಾನ ಹರಿವಿಗೆ ಸರಿ. ರಭಸದ ಕೆನ್ನೀರಿನಲ್ಲಿ ಕಲ್ಲು, ಮುಳ್ಳುಕಂಟಿ, ಸುಳಿಗಳಿರುತ್ತವೆ. ಅಲ್ಲಿ ಯಾರಾದರೂ ಸಿಕ್ಕಿಬಿದ್ದಿದ್ದರೆ ಮೊದಲು 112ಕ್ಕೆ ಕರೆ ಮಾಡಿ, ಅಗ್ನಿಶಾಮಕ ದಳ ಮತ್ತು ರಕ್ಷಣಾ ತಂಡಗಳಿಗೆ ದಾರಿ ಬಿಡಿ. ಆದರೆ ಕೇರಿಯ ಸುತ್ತ ಮೊಣಕಾಲುದ್ದ, ಸೊಂಟದುದ್ದ ನೀರು ನಿಂತು, ಅಧಿಕಾರಿಗಳು "ಊರಿನಲ್ಲಿ ದೋಣಿ ಯಾರ ಬಳಿ ಇದೆ?" ಎಂದು ಕೇಳುವ ದಿನ ಬರಬಹುದು. ಅಂದು ಮುದುಕರನ್ನು, ಬಸುರಿಯರನ್ನು, ಹಸುಗೂಸುಗಳನ್ನು ನಿಮ್ಮ ದೋಣಿಯಲ್ಲಿ ಕೂರಿಸುತ್ತಾರೆ. ಅದರ ತಳ ಗಟ್ಟಿಯಾಗಿದೆಯೆಂದು ನಂಬಿಯೇ ಅವರು ಕಾಲಿಡುತ್ತಾರೆ.

ಒಂದೊಂದು ಮನೆಗೂ ಶೆಡ್ಡು ಕಟ್ಟುವ ಶಕ್ತಿ ಇಲ್ಲದಿದ್ದರೆ ನಾಲ್ಕಾರು ಮನೆಯವರು ಸೇರಿ ಒಂದು ಚಪ್ಪರ ಹಾಕಬಹುದು. ನಾಲ್ಕು ಕಲ್ಲುಕಂಬ, ಮೇಲೆ ಗರಿಯ ಹೊದಿಕೆ, ಒಂದು ಸರಪಳಿ, ಎರಡು ಬೀಗದ ಕೈ. ಇದಕ್ಕೆ ದೊಡ್ಡ ಖರ್ಚಿಲ್ಲ. ಬೇಕಾಗುವುದು ಒಂದು ಭಾನುವಾರದ ಮಧ್ಯಾಹ್ನ ಮತ್ತು ನಾಲ್ಕು ಜನರ ಕೈ. ಈ ವರ್ಷ ಕೆರೆ ತುಂಬುತ್ತದೋ ಇಲ್ಲವೋ ನಮ್ಮ ಕೈಯಲ್ಲಿಲ್ಲ. ತುಂಬಿದ ದಿನ ದೋಣಿ ತೇಲುವಂತೆ ಇಟ್ಟಿರುವುದು ಮಾತ್ರ ಪೂರ್ತಿ ನಮ್ಮ ಕೈಯಲ್ಲಿದೆ.